ಗುರಿಗಾರನ ಪಿಸ್ತೂಲು: ಬೋರು ಹಿರಿದಿರಬೇಕೆ, ಕಿರಿದಿರಬೇಕೆ?

ಮಂಡ್ಯದ ಸೀಮೆಗೆ ಕೋವಿ ಹೊಸತಲ್ಲ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ತಯಾರಾದ ಚಕಮಕಿ ಪಿಸ್ತೂಲುಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿವೆ. ಅವುಗಳಲ್ಲಿ ಕೆಲವು ಜೋಡಿಗಳಲ್ಲಿ ಒಂದರ ಚಕಮಕಿ ಎಡಬದಿಗೂ ಮತ್ತೊಂದರದು ಬಲಬದಿಗೂ ಇದ್ದು, ಒಂದು ಇನ್ನೊಂದರ ಕನ್ನಡಿಯ ಬಿಂಬದಂತೆ ಕಾಣುತ್ತದೆ. ಮಳವಳ್ಳಿಯ ಕಾಡಂಚಿನಲ್ಲಿ ಹಂದಿಯ ಕಾಟದಿಂದ ಪೈರನ್ನು ಕಾಯುವ ರೈತನಿಗೆ ನಾಡಕೋವಿಯ ಪರಿಚಯವುಂಟು. ಇನ್ನು ಜಾತ್ರೆಯಲ್ಲಿ ಬಲೂನು ಒಡೆಯುವ ಗಾಳಿಕೋವಿಯನ್ನಂತೂ ನಮ್ಮಲ್ಲಿ ಹಿಡಿಯದವರೇ ಕಡಮೆ. ಆದರೆ ಸ್ಪರ್ಧೆಯ ಪಿಸ್ತೂಲು ಈ ಮೂರರ ಜಾತಿಗೂ ಸೇರಿದ್ದಲ್ಲ.

ನನ್ನ ತರಗತಿಯ ವಿದ್ಯಾರ್ಥಿನಿಯೊಬ್ಬಳು ಎನ್‌ಸಿಸಿಯ .22 ರೈಫಲಿನಲ್ಲಿ ಚೆನ್ನಾಗಿ ಗುರಿ ಹೊಡೆದು, ಪಿಸ್ತೂಲಿನ ಸ್ಪರ್ಧೆಗೆ ಇಳಿಯಬೇಕೆಂದು ಮನಸ್ಸು ಮಾಡಿದಳು. ಮದ್ದೂರಿನ ಬಳಿ ಕಬ್ಬು ಬೆಳೆಯುವ ಆಕೆಯ ತಂದೆ ನನ್ನನ್ನು ಕಂಡು, “ಮೇಷ್ಟ್ರೇ, ಕೊಡ್ಸೋದಾದ್ರೆ ದೊಡ್ಡ ಬೋರಿಂದೇ ಕೊಡ್ಸಿಬಿಡ್ತೀನಿ. ಗುಂಡು ದಪ್ಪ ಇದ್ರೆ ಗುರಿ ತಪ್ಪೋದು ಕಮ್ಮಿ ಅಲ್ವರಾ?” ಎಂದು ಕೇಳಿದರು. ವಿದೇಶದಿಂದ ಬರುವ ಸ್ಪರ್ಧಾ ಪಿಸ್ತೂಲಿನ ಬೆಲೆ ಲಕ್ಷ ರೂಪಾಯಿಗಳನ್ನು ಮೀರುತ್ತದೆ. ಸಣ್ಣ ಹಿಡುವಳಿದಾರನಿಗೆ ಅದು ಒಂದು ಬೆಳೆಯ ದುಡ್ಡು. ಆದ್ದರಿಂದ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿರಲಿಲ್ಲ. ಮೇಲಾಗಿ ಅದರಲ್ಲಿ ಸ್ವಲ್ಪ ಸತ್ಯವೂ ಇತ್ತು. ಎಷ್ಟು ಸತ್ಯ ಎಂಬುದನ್ನು ಲೆಕ್ಕ ಹಾಕಿ ನೋಡೋಣ.

ಮೊದಲು ಬೋರು ಎಂದರೇನು? ನಳಿಗೆಯ ಒಳವ್ಯಾಸ. ಅದನ್ನು ಹೇಳುವ ಬಗೆಗಳು ಮಾತ್ರ ಹಲವು. 12 ಬೋರಿನ ಬಂದೂಕೆಂದರೆ, ಒಂದು ಪೌಂಡು ಸೀಸದಿಂದ ಒಂದೇ ಸಮನಾದ 12 ಗುಂಡುಗಳನ್ನು ಎರಕ ಹೊಯ್ದರೆ ಅಂಥ ಒಂದು ಗುಂಡು ಹಿಡಿಸುವ ನಳಿಗೆ. ವ್ಯಾಸ ಸುಮಾರು 18.5 ಮಿಲಿಮೀಟರು. ಇಲ್ಲಿ ಸಂಖ್ಯೆ ಹೆಚ್ಚಿದಂತೆ ನಳಿಗೆ ಕಿರಿದಾಗುತ್ತದೆ. ಪಿಸ್ತೂಲಿನ .22, .32 ಎಂಬ ಸಂಖ್ಯೆಗಳಾದರೋ ಅಂಗುಲದ ದಶಮಾಂಶಗಳು: .177 ಎಂದರೆ 4.5 ಮಿಲಿಮೀಟರು, .22 ಎಂದರೆ 5.6 ಮಿಲಿಮೀಟರು. ಹೆಸರನ್ನೇ ನಂಬುವಂತಿಲ್ಲವೆಂಬುದನ್ನೂ ಹೇಳಬೇಕು; .38 ಸ್ಪೆಷಲ್ ಎಂಬ ತೋಟಾದ ಗುಂಡನ್ನು ಅಳೆದರೆ ಸಿಗುವುದು .357 ಅಂಗುಲ!

ಈಗ ಗುರಿಹಲಗೆಯ ಕಡೆಗೆ ತಿರುಗೋಣ. 10 ಮೀಟರು ಗಾಳಿಪಿಸ್ತೂಲಿನ ಸ್ಪರ್ಧೆಯಲ್ಲಿ ಹಲಗೆಯ ನಡುವಿನ ಕಪ್ಪು ಭಾಗದ ವ್ಯಾಸ 59.5 ಮಿಲಿಮೀಟರು, ಮದ್ದೂರು ವಡೆಗಿಂತ ಚಿಕ್ಕದು. ಅದರ ನಡುವೆ 10 ಅಂಕದ ವೃತ್ತದ ವ್ಯಾಸ ಕೇವಲ 11.5 ಮಿಲಿಮೀಟರು. ಗುಂಡು ಮಾಡಿದ ರಂಧ್ರದ ಅಂಚು ವೃತ್ತದ ಗೆರೆಯನ್ನು ಮುಟ್ಟಿದರೂ ಹೆಚ್ಚಿನ ಅಂಕವೇ ದೊರೆಯುತ್ತದೆ. ಆದುದರಿಂದ ಗುಂಡಿನ ಕೇಂದ್ರ ಗುರಿಯ ಕೇಂದ್ರದಿಂದ ವೃತ್ತದ ತ್ರಿಜ್ಯ 5.75, ಗುಂಡಿನ ತ್ರಿಜ್ಯ 2.25, ಒಟ್ಟು 8 ಮಿಲಿಮೀಟರಿನಷ್ಟು ಸರಿದರೂ 10 ಅಂಕ ಉಳಿಯುತ್ತದೆ. ಗುಂಡು ದಪ್ಪವಾದಷ್ಟೂ ಈ ರಿಯಾಯಿತಿ ಹೆಚ್ಚು. ಮದ್ದೂರಿನ ರೈತರ ತರ್ಕ ಇಲ್ಲಿಯವರೆಗೆ ಸರಿ.

ಆದರೆ ಆ ಲಾಭ ಎಷ್ಟು? ಗಾಳಿಪಿಸ್ತೂಲಿನಲ್ಲಿ ಎಲ್ಲರೂ 4.5 ಮಿಲಿಮೀಟರಿನ ಗುಂಡನ್ನೇ ಬಳಸತಕ್ಕದ್ದು. ಅಲ್ಲಿ ಆಯ್ಕೆಯೇ ಇಲ್ಲ. 25 ಮೀಟರು ದೂರದ ನಿಖರ ಗುರಿಯಲ್ಲಿ 10 ಅಂಕದ ವೃತ್ತ 50 ಮಿಲಿಮೀಟರು ಅಗಲ. ಅಲ್ಲಿ .22 ಗುಂಡಿಗೆ ಸಿಗುವ ರಿಯಾಯಿತಿ 27.8 ಮಿಲಿಮೀಟರು, .32 ಗುಂಡಿಗೆ 29. ವ್ಯತ್ಯಾಸ 1.2 ಮಿಲಿಮೀಟರು. ಈ ಪಿಸ್ತೂಲುಗಳಲ್ಲಿ ಫೋರ್‌ಸೈಟ್ ಮತ್ತು ಬ್ಯಾಕ್‌ಸೈಟ್‌ಗಳ ನಡುವಿನ ದೂರ 22 ಸೆಂಟಿಮೀಟರನ್ನು ಮೀರಬಾರದೆಂದು ನಿಯಮ. ಸಮರೂಪ ತ್ರಿಭುಜಗಳ ಲೆಕ್ಕದಿಂದ, ಫೋರ್‌ಸೈಟ್ ಮಿಲಿಮೀಟರಿನ ನೂರನೆಯ ಒಂದು ಪಾಲು ಸರಿದರೆ ಗುರಿಯಲ್ಲಿ ಸುಮಾರು ಅಷ್ಟೇ ವ್ಯತ್ಯಾಸವಾಗುತ್ತದೆ. ತಲೆಗೂದಲಿನ ದಪ್ಪ ಅದಕ್ಕಿಂತ ಹಲವು ಪಟ್ಟು ಹೆಚ್ಚು. ಕೈಯ ಸಹಜ ಕಂಪನವೇ ಇದನ್ನು ನುಂಗಿ ನೀರು ಕುಡಿಯಬಲ್ಲದು.

ಇನ್ನು ಈ ಅಲ್ಪ ಲಾಭಕ್ಕೆ ತೆರಬೇಕಾದ ಬೆಲೆಯನ್ನು ನೋಡಬೇಕು. ಗುಂಡು ಮುಂದಕ್ಕೆ ಪಡೆದ ಸಂವೇಗದಷ್ಟೇ ಸಂವೇಗವನ್ನು ಪಿಸ್ತೂಲು ಹಿಂದಕ್ಕೆ ಪಡೆಯಲೇಬೇಕು. ನ್ಯೂಟನ್ನನ ಮೂರನೆಯ ನಿಯಮಕ್ಕೆ ಯಾರ ಕೈಯಲ್ಲೂ ವಿನಾಯಿತಿ ಇಲ್ಲ. ಪಿಸ್ತೂಲಿನ ತೂಕ 1 ಕಿಲೋಗ್ರಾಂ ಎಂದಿಟ್ಟುಕೊಂಡು, ಮದ್ದಿನ ಅನಿಲದ ಪಾಲನ್ನು ಸದ್ಯಕ್ಕೆ ಬಿಟ್ಟುಬಿಡೋಣ. ಗಾಳಿಪಿಸ್ತೂಲಿನ ಅರ್ಧ ಗ್ರಾಂ ಗುಂಡು ಸೆಕೆಂಡಿಗೆ 150 ಮೀಟರು ವೇಗದಿಂದ ಹೊರಟರೆ ಪಿಸ್ತೂಲು ಹಿಂದಕ್ಕೆ ಒದೆಯುವ ವೇಗ ಸೆಕೆಂಡಿಗೆ 7.5 ಸೆಂಟಿಮೀಟರು, ಕೈಗೆ ತಿಳಿದೂ ತಿಳಿಯದಷ್ಟು. .22ರ 2.6 ಗ್ರಾಂ ಗುಂಡು 320 ಮೀಟರು ವೇಗದಲ್ಲಿ ಹೊರಟರೆ ಅದು 83 ಸೆಂಟಿಮೀಟರಾಗುತ್ತದೆ. .32ರಲ್ಲಿ ಸುಮಾರು ಒಂದೂವರೆ ಮೀಟರು. ಸೈನಿಕರು ಹಿಡಿಯುವ 9 ಮಿಲಿಮೀಟರಿನ ಪಿಸ್ತೂಲಿನಲ್ಲಿ 8 ಗ್ರಾಂ ಗುಂಡಿಗೆ 350 ಮೀಟರು ವೇಗವಿದ್ದರೆ 2.8 ಮೀಟರು. ಒದೆತದ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ 9 ಮಿಲಿಮೀಟರಿನದು .22ರದಕ್ಕಿಂತ 11 ಪಟ್ಟು ಹೆಚ್ಚು.

‘ಗುಂಡು ಹೊರಟುಹೋದ ಮೇಲೆ ಪಿಸ್ತೂಲು ಒದ್ದರೇನು?’ ಎಂದು ವಾಚಕರು ಕೇಳಬಹುದು. ಒದೆತವಾದರೋ ಗುಂಡು ಇನ್ನೂ ನಳಿಗೆಯೊಳಗೆ ಇರುವಾಗಲೇ ಆರಂಭವಾಗಿರುತ್ತದೆ. 15 ಸೆಂಟಿಮೀಟರಿನ ನಳಿಗೆಯನ್ನು .22 ಗುಂಡು ದಾಟುವಷ್ಟರಲ್ಲಿ ಪಿಸ್ತೂಲು 0.4 ಮಿಲಿಮೀಟರು ಹಿಂದೆ ಸರಿದಿರುತ್ತದೆ. 9 ಮಿಲಿಮೀಟರಿನದು 12 ಸೆಂಟಿಮೀಟರಿನ ನಳಿಗೆಯಲ್ಲೇ 1 ಮಿಲಿಮೀಟರಿನಷ್ಟು. ನಳಿಗೆ ಕೈಗಿಂತ ಮೇಲಿರುವುದರಿಂದ ಈ ಸರಿತ ನೇರವಾಗಿರದೆ ಮೂತಿಯನ್ನು ಮೇಲಕ್ಕೆ ಎತ್ತುತ್ತದೆ. ಹಿಡಿತ ಪ್ರತಿ ಬಾರಿಯೂ ಒಂದೇ ತೆರನಾಗಿದ್ದರೆ ಸೈಟನ್ನು ತಿದ್ದಿ ಸರಿಪಡಿಸಬಹುದು. ಹೊಸಬನ ಹಿಡಿತ ಒಂದೇ ತೆರನಾಗಿರುವುದಿಲ್ಲ. ಹೆಚ್ಚಾಗಿ, ಒದೆತಕ್ಕೆ ಅಂಜಿ ಕುದುರೆ ಎಳೆಯುವ ಮುನ್ನವೇ ಮಣಿಕಟ್ಟು ಬಿಗಿಯಾಗುತ್ತದೆ. ಇದು ಒಮ್ಮೆ ಅಂಟಿತೆಂದರೆ ಬಿಡಿಸುವುದು ಕಷ್ಟ.

ಪಳಗಿದವರ ಆಯ್ಕೆಯೂ ಇದೇ ದಿಕ್ಕಿನದು. ಒಲಿಂಪಿಕ್ಸಿನ ಶೀಘ್ರ ಹೊಡೆತದ ಸ್ಪರ್ಧೆಯಲ್ಲಿ ಐದು ಗುರಿಗಳಿಗೆ ಐದು ಗುಂಡುಗಳನ್ನು ಕಡೆಯ ಸುತ್ತಿನಲ್ಲಿ 4 ಸೆಕೆಂಡುಗಳೊಳಗೆ ಹೊಡೆಯಬೇಕು. 2005ರಲ್ಲಿ ನಿಯಮ ಬದಲಾಗುವವರೆಗೆ ಅಲ್ಲಿ .22ರಲ್ಲೂ ಇನ್ನೂ ಗಿಡ್ಡನೆಯ, ಬಲ ಕಡಮೆಯಾದ ತೋಟಾವನ್ನು ಬಳಸುತ್ತಿದ್ದರು. 2012ರಲ್ಲಿ ಲಂಡನ್ನಿನಲ್ಲಿ ವಿಜಯ್ ಕುಮಾರ್ ಬೆಳ್ಳಿ ಪದಕವನ್ನು ಗೆದ್ದದ್ದು ಈ ಸ್ಪರ್ಧೆಯಲ್ಲಿ, .22 ಪಿಸ್ತೂಲಿನಿಂದ. 2024ರಲ್ಲಿ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಎರಡು ಕಂಚುಗಳನ್ನು ಗೆದ್ದದ್ದು ಕರಿಮೆಣಸಿನ ಕಾಳಿನಷ್ಟು ದಪ್ಪದ, ಡಮರುವಿನಂತೆ ನಡು ಸಣ್ಣಗಿರುವ ಗಾಳಿಪಿಸ್ತೂಲಿನ ಗುಂಡುಗಳಿಂದ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಪಡೆದದ್ದೂ ಅದೇ 10 ಮೀಟರಿನ ಗಾಳಿಪಿಸ್ತೂಲಿನಲ್ಲಿ. ಅವರು 2016ರಲ್ಲಿ ರಿಯೋದಲ್ಲಿ ಭಾಗವಹಿಸಿದ 50 ಮೀಟರು ಸ್ಪರ್ಧೆಯನ್ನು ಆ ಬಳಿಕ ಒಲಿಂಪಿಕ್ಸಿನಿಂದ ಕೈಬಿಡಲಾಯಿತು. ಆ ಒಂದು ಸ್ಪರ್ಧೆಗೆಂದೇ ರೂಪಿಸಿದ ಪಿಸ್ತೂಲನ್ನು ಈಗ ಕೊಳ್ಳುವವರು ಇದನ್ನು ನೆನಪಿಡುವುದು ಒಳ್ಳೆಯದು.

ಕಾನೂನಿನ ದೃಷ್ಟಿಯಿಂದಲೂ ಕಿರಿದೇ ಮೇಲು. ಮೇಲೆ ಹೇಳಿದ ಗಾಳಿಗುಂಡಿನ ಶಕ್ತಿ ಸುಮಾರು 5.6 ಜೂಲು. 2016ರ ಆಯುಧ ನಿಯಮಗಳಂತೆ, ಬೋರು 4.5 ಮಿಲಿಮೀಟರನ್ನೂ ಶಕ್ತಿ 20 ಜೂಲನ್ನೂ ಮೀರದ ಗಾಳಿಕೋವಿಗೆ ಪರವಾನಗಿ ಬೇಡ; ಗುರುತಿನ ಪತ್ರ ತೋರಿಸಿ ಕೊಳ್ಳಬಹುದು. .22 ಪಿಸ್ತೂಲಿಗೆ ಜಿಲ್ಲಾ ದಂಡಾಧಿಕಾರಿಗಳ ಪರವಾನಗಿ ಅವಶ್ಯ, ಅದನ್ನು ಪಡೆಯಲು 21 ವರ್ಷ ತುಂಬಿರಬೇಕು. 9 ಮಿಲಿಮೀಟರಿನದಾದರೋ ನಮ್ಮ ದೇಶದಲ್ಲಿ ನಿಷೇಧಿತ ಬೋರು. ಪರವಾನಗಿಯಿಲ್ಲದ ನಾಡಪಿಸ್ತೂಲಿನ ಮಾತು ಎತ್ತುವುದೇ ಬೇಡ. ಅದು ಅಪರಾಧ, ಹಿಡಿದವನ ಕೈಗೂ ಅಪಾಯ.

ಹಾಗಾದರೆ ಪಿಸ್ತೂಲನ್ನು ಎಲ್ಲಿ ಹುಡುಕುವುದು? ಅಂಗಡಿಗೆ ಹೋಗುವ ಮೊದಲು ಒಂದು ಕ್ಲಬ್ಬನ್ನು ಹುಡುಕತಕ್ಕದ್ದು. ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ ಬೆಂಗಳೂರಿನಲ್ಲಿದೆ. ಮಂಡ್ಯ, ಮದ್ದೂರುಗಳಿಂದ ರೈಲಿದೆ. ಮಳವಳ್ಳಿಯವರು ಬಸ್ಸನ್ನು ನಂಬಬೇಕು. ಕ್ಲಬ್ಬಿನ ಪಿಸ್ತೂಲಿನಲ್ಲಿ ಕೆಲವು ತಿಂಗಳು ಅಭ್ಯಾಸ ಮಾಡಿದ ಮೇಲೆ ಮಾತ್ರ ತನ್ನ ಕೈಗೆ ಯಾವ ಹಿಡಿ ಒಗ್ಗುತ್ತದೆಂಬುದು ತಿಳಿಯುತ್ತದೆ. ಕಣ್ಣು ಮುಚ್ಚಿ ತೋಳನ್ನು ಗುರಿಯತ್ತ ಎತ್ತಿ, ಕಣ್ಣು ತೆರೆದಾಗ ಎರಡು ಸೈಟುಗಳೂ ತಾವಾಗಿಯೇ ಒಂದೇ ಸಾಲಿನಲ್ಲಿದ್ದರೆ ಆ ಹಿಡಿ ಸರಿ. ಎಡಗೈಯವರಿಗೆ ಎಡಗೈ ಹಿಡಿಯೇ ಬೇಕು. ಮರದ ಹಿಡಿಯನ್ನು ಅರದಿಂದ ಉಜ್ಜಿ ಕೈಗೆ ಹೊಂದಿಸಿಕೊಳ್ಳುವುದು ಈ ಕ್ರೀಡೆಯಲ್ಲಿ ಸಾಮಾನ್ಯ.

ಹೊಸದನ್ನು ಕೊಳ್ಳಲಾರದವರು ಹಿರಿಯ ಸ್ಪರ್ಧಿಗಳು ಬಿಟ್ಟುಕೊಡುವ ಗಾಳಿಪಿಸ್ತೂಲನ್ನು ನೋಡಬಹುದು. ನನ್ನ ಅಭಿಪ್ರಾಯದಲ್ಲಿ ಜಾತ್ರೆಯ ಬಗೆಯ ಸ್ಪ್ರಿಂಗ್ ಕೋವಿ ಹೊಸದಾಗಿ ಅಗ್ಗಕ್ಕೆ ಸಿಕ್ಕಿದರೂ ಇದೇ ಮೇಲು. ಸ್ಪ್ರಿಂಗಿನ ಕೊಂತ ಗುಂಡು ಹೊರಡುವ ಮೊದಲೇ ಕೋವಿಯನ್ನು ಅಲುಗಿಸಿಬಿಡುತ್ತದೆ. ಇಂದಿನ ಸ್ಪರ್ಧಾ ಪಿಸ್ತೂಲಿನಲ್ಲಿ ವಾತಾವರಣದ 200 ಪಟ್ಟು ಒತ್ತಡದ ಗಾಳಿಯನ್ನು ಸಣ್ಣ ಸಿಲಿಂಡರಿನಲ್ಲಿ ತುಂಬಿರುತ್ತಾರೆ. ಆ ಸಿಲಿಂಡರಿನ ಮೇಲೆ ತಯಾರಾದ ದಿನಾಂಕ ಕೆತ್ತಿರುತ್ತದೆ; ಸಾಮಾನ್ಯವಾಗಿ ಅದರ ಆಯುಸ್ಸು 10 ವರ್ಷ. ಅವಧಿ ಮೀರಿದ್ದರೆ ಹೊಸ ಸಿಲಿಂಡರಿನ ಬೆಲೆಯನ್ನು ಕಳೆದು ಕ್ರಯ ಕಟ್ಟಬೇಕು. ಕುದುರೆ 500 ಗ್ರಾಂ ತೂಕವನ್ನು ಜಾರದೆ ಎತ್ತುವುದೇ ಎಂದು ತೂಕದ ಕಲ್ಲು ಕಟ್ಟಿ ಪರೀಕ್ಷಿಸಬೇಕು. ಎತ್ತದಿದ್ದರೆ ಸ್ಪರ್ಧೆಯ ತಪಾಸಣೆಯಲ್ಲಿಯೇ ಪಿಸ್ತೂಲನ್ನು ಹಿಂದಿರುಗಿಸುತ್ತಾರೆ. ಬಿಡಿಭಾಗಗಳನ್ನು ಬದಲಿಸಿಕೊಡಬಲ್ಲವರು ಬೆಂಗಳೂರಿನಲ್ಲಿ ಇದ್ದಾರೆಯೆ ಎಂದೂ ವಿಚಾರಿಸಬೇಕು. 2021ರಲ್ಲಿ ಟೋಕಿಯೋದ ಅರ್ಹತಾ ಸುತ್ತಿನ ನಡುವೆ ಮನು ಭಾಕರರ ಪಿಸ್ತೂಲು ಕೆಟ್ಟು, ಅದನ್ನು ಸರಿಪಡಿಸುವುದರಲ್ಲಿ ಅಮೂಲ್ಯ ನಿಮಿಷಗಳು ಕಳೆದುಹೋದವು; ಆಕೆ ಅಂತಿಮ ಸುತ್ತಿಗೆ ಏರಲಾಗಲಿಲ್ಲ.