ಸ್ಯಾಂಕಿ ಏರಿಯ ಮೇಲೆ ಒಂದು ನಡಿಗೆ

ಬೆಂಗಳೂರಿನ ಮಲ್ಲೇಶ್ವರದ ಹದಿನೆಂಟನೇ ಕ್ರಾಸಿನಿಂದ ಭಾಷ್ಯಂ ಸರ್ಕಲ್‌ವರೆಗೆ ನಡೆಯುವುದಾದರೆ ಬೆಳಗ್ಗೆ ಬೇಗ ಹೊರಡಬೇಕು. ಒಂಬತ್ತಾಯಿತೆಂದರೆ ಪಕ್ಕದವರ ಮಾತೂ ಕೇಳಿಸದಷ್ಟು ಹಾರ್ನ್.

ಶುರುವಿಗೇ ಅರಣ್ಯ ಭವನ. ಹಿಂದೆ ಇಲ್ಲಿ ಸರ್ಕಾರದ ಗಂಧದ ಕೋಠಿ ಇತ್ತು. ಪಕ್ಕದ ಸ್ಯಾಂಕಿ ಕೆರೆಯನ್ನು ಹಳಬರು ಗಂಧದ ಕೋಠಿ ಕೆರೆ ಎಂದೇ ಕರೆಯುತ್ತಿದ್ದರು. ಬರಗಾಲದ ಪೆಟ್ಟು ತಿಂದ ಊರಿಗೆ ನೀರು ಬೇಕೆಂದು 1882ರಲ್ಲಿ ಇದನ್ನು ಕಟ್ಟಿಸಿದವರು ರಿಚರ್ಡ್ ಸ್ಯಾಂಕಿ.

ಮುಂದೆ ಹೋದಂತೆ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ತಗ್ಗಿನಲ್ಲಿ ಮನೆಗಳು. ಕಾರಿನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ, ನಡೆಯುವವರಿಗೆ ಗೊತ್ತಾಗುತ್ತದೆ: ನಾವಿರುವುದು ಕೆರೆಯ ಏರಿಯ ಮೇಲೆ. ಇದನ್ನು ಅಗಲ ಮಾಡುವುದೆಂದರೆ ಒಂದೋ ಕೆರೆ ಕಡೆಗೆ ಸರಿಯಬೇಕು, ಇಲ್ಲವೇ ಸಾಲುಮರ ಉರುಳಿಸಬೇಕು. 2011ರಲ್ಲಿ ಹಾಗೆ ಹೊರಟಾಗ ಜನ ಬೀದಿಗಿಳಿದರು, ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿದರು. ಆಮೇಲೆ ಬಿಬಿಎಂಪಿ ಇದೇ ದಾರಿಗೆ ಮೇಲ್ಸೇತುವೆಯ ಯೋಜನೆ ತಂದಿತು, ಜೊತೆಗೆ ಅಗಲೀಕರಣ. ಕಡಿಯಬೇಕಾದ ಮರಗಳು ಐವತ್ತರ ಆಚೀಚೆ ಎಂಬ ಲೆಕ್ಕ ಓಡಾಡಿತು. 50 ದಾಟಿದರೆ ಕಾನೂನಿನ ಪ್ರಕಾರ ಜನರ ಆಕ್ಷೇಪಣೆ ಕೇಳಲೇಬೇಕು. ಹಾಗಾಗಿ ಇಲ್ಲಿ ಒಂದೊಂದು ಮರವೂ ಲೆಕ್ಕಕ್ಕೆ ಬರುವಂಥದ್ದೇ.

ಫೆಬ್ರುವರಿ 2023ರಲ್ಲಿ ಮಕ್ಕಳು ಮುದುಕರೆಲ್ಲ ಸೇರಿ ಇಲ್ಲೇ ಮೌನವಾಗಿ ಹೆಜ್ಜೆ ಹಾಕಿದರು. ಪ್ರತಿಭಟನೆಗೆ ಗಾಂಧಿನಗರದ ಫ್ರೀಡಂ ಪಾರ್ಕ್ ಇದೆಯಲ್ಲ ಎಂದು ಪೊಲೀಸರು ಎಫ್‌ಐಆರ್ ಹಾಕಿದರು! ಕೆರೆ ಉಳಿಸಿ ಎನ್ನಲು ಗಾಂಧಿನಗರದ ತನಕ ಹೋಗಬೇಕಂತೆ. ಕೊನೆಗೆ ಯೋಜನೆಯನ್ನು ತಡೆಹಿಡಿದರು.

ನಗರದ ಮಾಸ್ಟರ್ ಪ್ಲಾನ್ ಕೆರೆಗಳ ಸುತ್ತ 30 ಮೀಟರ್ ಬಿಡಬೇಕೆನ್ನುತ್ತದೆ. ಏರಿಯೇ ರಸ್ತೆಯಾದ ಕಡೆ ಆ 30 ಮೀಟರನ್ನು ಎಲ್ಲಿಂದ ಅಳೆಯುವುದು?

ಒಂದು ಮಾತು ಹೇಳಲೇಬೇಕು. ಕೆರೆ ಸುತ್ತಲು ಬರುವವರಲ್ಲಿ ಕಾರಿನಲ್ಲಿ ಬಂದು ಇದೇ ರಸ್ತೆಯ ಅಂಚಿಗೆ ನಿಲ್ಲಿಸುವವರೂ ಉಂಟು. ಚೌತಿ ಹಬ್ಬದಲ್ಲಂತೂ ಗಣಪತಿ ಬಿಡುವ ಕಲ್ಯಾಣಿಗೆ ಬರುವ ಗಾಡಿಗಳ ಸಾಲು ಮುಗಿಯುವುದೇ ಇಲ್ಲ. ದಟ್ಟಣೆ ಸುಳ್ಳಲ್ಲ, ಬಸ್ಸಿನಲ್ಲಿ ನಿಂತು ಯಶವಂತಪುರದ ಕಡೆಗೆ ಹೋಗುವವರ ಬೇಸರವೂ ಸುಳ್ಳಲ್ಲ. ಆದರೆ ವಿರೋಧಿಸುವವರ ವಾದದಲ್ಲಿ ನನಗೆ ಹಿಡಿಸಿದ್ದು ಮರದ ಮಾತಿಗಿಂತ ದಾರಿಯ ಮಾತು. ಭಾಷ್ಯಂ ಸರ್ಕಲ್ಲಿಗೆ ಬಂದು ನಿಂತರೆ ಅದು ಕಣ್ಣಿಗೇ ಕಾಣುತ್ತದೆ. ಇಲ್ಲಿಂದ ಬಿಡುಗಡೆಯಾದ ಗಾಡಿಗಳು ಕಾವೇರಿ ಥಿಯೇಟರ್ ಜಂಕ್ಷನ್ನಿನಲ್ಲಿ ಮತ್ತೆ ಬಾಲ ಕಟ್ಟುತ್ತವೆ. ಏರಿಯ ಮೇಲೆ ಉಳಿಸಿದ ನಿಮಿಷ ಅಲ್ಲಿ ಖರ್ಚಾಗುವುದಾದರೆ, ಮುಂದೆ ಆ ಜಂಕ್ಷನ್ನಿಗೂ ಒಂದು ಸೇತುವೆ ಕೇಳುತ್ತಾರೆ.