ದೋಣಿ ಸಂಚಾರ ಮತ್ತು ಪ್ರವಾಹದ ಮುನ್ನೆಚ್ಚರಿಕೆ

ಸಹ್ಯಾದ್ರಿಯಲ್ಲಿ ಹುಟ್ಟುವ ಉಲ್ಹಾಸ ನದಿಯು ಕರ್ಜತ್, ಬದಲಾಪುರಗಳನ್ನು ದಾಟಿ, ಕಲ್ಯಾಣ ಮತ್ತು ಡೊಂಬಿವಲಿಗಳ ಅಂಚಿನಲ್ಲಿ ಹರಿದು, ವಸಯಿ ಖಾಡಿಯ ಮೂಲಕ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಅದರ ಇನ್ನೊಂದು ಕವಲು ಥಾಣೆಯ ಬಳಿ ನವಿ ಮುಂಬಯಿಯತ್ತ ಸಾಗುವ ಥಾಣೆ ಖಾಡಿಯನ್ನು ಕೂಡುತ್ತದೆ. ಈ ನೀರಿನಲ್ಲಿ ಹುಟ್ಟು ಹಾಕಿ ದೋಣಿ ನಡೆಸುವವರಿಗೆ ಅಪಾಯವು ಎರಡು ದಿಕ್ಕುಗಳಿಂದ ಬರುತ್ತದೆ: ಮೇಲಿನಿಂದ ಮಳೆಯ ನೀರು, ಕೆಳಗಿನಿಂದ ಸಮುದ್ರದ ಉಬ್ಬರ.

ಕಾಣದ ಮಳೆ

ದೋಣಿಯಿರುವ ಸ್ಥಳದಲ್ಲಿ ಆಕಾಶವು ಶುಭ್ರವಾಗಿದ್ದರೂ, ಘಟ್ಟದಲ್ಲಿ ಸುರಿದ ಮಳೆಯು ಕೆಲವೇ ಗಂಟೆಗಳಲ್ಲಿ ನದಿಯನ್ನು ಉಕ್ಕಿಸಬಲ್ಲದು. 2019ರ ಜುಲೈ 27ರಂದು ಬದಲಾಪುರ ಮತ್ತು ವಾಂಗಣಿಗಳ ನಡುವೆ ಉಲ್ಹಾಸದ ಪ್ರವಾಹವು ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ರೈಲನ್ನೇ ಸುತ್ತುವರಿಯಿತು. ಸುಮಾರು 1,050 ಪ್ರಯಾಣಿಕರನ್ನು ಪಾರುಮಾಡಲು ರಾಷ್ಟ್ರೀಯ ವಿಪತ್ತು ಸ್ಪಂದನ ಪಡೆಯು ರಬ್ಬರ್ ದೋಣಿಗಳನ್ನು ಬಳಸಬೇಕಾಯಿತು. ಮನುಷ್ಯನು ಹುಟ್ಟು ಹಾಕಿ ಗಂಟೆಗೆ ಸುಮಾರು 4-5 ಕಿ.ಮೀ. ಸಾಗಬಲ್ಲನು, ಸೆಳೆತವು ಅದಕ್ಕಿಂತ ಹೆಚ್ಚಾದೊಡನೆ ದೋಣಿಯು ಆತನ ಹಿಡಿತವನ್ನು ಮೀರುತ್ತದೆ.

ಎಚ್ಚರಿಕೆಯ ಹಂತಗಳು

ಭಾರತ ಹವಾಮಾನ ಇಲಾಖೆಯು ಜಿಲ್ಲಾವಾರು ಎಚ್ಚರಿಕೆಯನ್ನು ಬಣ್ಣಗಳಲ್ಲಿ ಪ್ರಕಟಿಸುತ್ತದೆ. ಹಸಿರೆಂದರೆ ಎಚ್ಚರಿಕೆಯಿಲ್ಲ, ಹಳದಿಯೆಂದರೆ ಗಮನವಿರಲಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಕೂಡಲೇ ಕ್ರಮ ಕೈಗೊಳ್ಳಿ. 24 ಗಂಟೆಗಳಲ್ಲಿ 204.5 ಮಿ.ಮೀ. ಅಥವಾ ಅದಕ್ಕೂ ಮಿಗಿಲಾದ ಮಳೆಯನ್ನು ಇಲಾಖೆಯು ಅತ್ಯಂತ ಭಾರಿ ಮಳೆಯೆಂದು ಗಣಿಸುತ್ತದೆ.

ನದಿಯ ಮಟ್ಟಕ್ಕೂ ಎರಡು ಗುರುತುಗಳಿವೆ. ಮೊದಲನೆಯದು ಎಚ್ಚರಿಕೆಯ ಮಟ್ಟ, ಎರಡನೆಯದು ಅಪಾಯದ ಮಟ್ಟ. ಮೊದಲನೆಯದನ್ನು ನೀರು ಮುಟ್ಟುವ ಮುನ್ನವೇ ದೋಣಿಯು ದಡದಲ್ಲಿರುವುದು ಅವಶ್ಯಕ. ಬಾರವಿಯಂಥ ಅಣೆಕಟ್ಟುಗಳು ತುಂಬುತ್ತಿರುವ ದಿನಗಳಲ್ಲಿ ಕೆಳಪಾತ್ರದ ಜನರಿಗೆ ನೀಡಲಾಗುವ ಸೂಚನೆಗಳನ್ನು ಅಲಕ್ಷಿಸಬಾರದು.

ಉಬ್ಬರದ ಲೆಕ್ಕ

ಉಬ್ಬರವು ದಿನಕ್ಕೆ ಎರಡು ಬಾರಿ ಬರುತ್ತದೆ. ಪ್ರತಿದಿನವೂ ಸುಮಾರು 50 ನಿಮಿಷ ತಡವಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಅದು ಪ್ರಬಲವಾಗಿರುತ್ತದೆ. ಉಬ್ಬರದ ವೇಳೆಯಲ್ಲಿ ನದಿಯ ನೀರು ಸಮುದ್ರಕ್ಕೆ ಸರಾಗವಾಗಿ ಇಳಿಯಲಾರದು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ದಾಖಲಾದಾಗ ಉಬ್ಬರವೂ ಜೊತೆಗೂಡಿ ಹಾನಿಯನ್ನು ಹೆಚ್ಚಿಸಿತು. ಇಳಿತದ ವೇಳೆಯಲ್ಲಿ ಖಾಡಿಯ ಕೆಸರಿನಲ್ಲಿ ದೋಣಿ ಸಿಲುಕುವ ಸಂಭವವಿದೆ; ಆಗ ಕೆಸರಿಗೆ ಇಳಿಯದೆ ದೋಣಿಯಲ್ಲಿಯೇ ಕುಳಿತು ಸಹಾಯ ಕೋರುವುದು ಲೇಸು.

ಕನ್ನಡಿಗರ ಗಮನಕ್ಕೆ

ಈ ನಗರಗಳಲ್ಲಿ ಸ್ಥಳೀಯ ಸೂಚನೆಗಳು ಹೆಚ್ಚಾಗಿ ಮರಾಠಿಯಲ್ಲಿರುತ್ತವೆ. ‘ಇಶಾರಾ ಪಾತಳಿ’ ಎಂದರೆ ಎಚ್ಚರಿಕೆಯ ಮಟ್ಟ, ‘ಧೋಕಾ ಪಾತಳಿ’ ಎಂದರೆ ಅಪಾಯದ ಮಟ್ಟ. ‘ಭರತಿ’ ಎಂದರೆ ಉಬ್ಬರ, ‘ಓಹೋಟಿ’ ಎಂದರೆ ಇಳಿತ. ಹೊಸದಾಗಿ ಬಂದು ನೆಲೆಸಿದವರು ಈ ನಾಲ್ಕು ಮಾತುಗಳನ್ನು ಅವಶ್ಯವಾಗಿ ತಿಳಿದಿರಬೇಕು.

ದೋಣಿ ಇಳಿಸುವ ಮುನ್ನ

* ಅಂದಿನ ಹವಾಮಾನ ಎಚ್ಚರಿಕೆಯನ್ನೂ ಉಬ್ಬರದ ವೇಳೆಯನ್ನೂ ತಿಳಿದುಕೊಳ್ಳಿ. ‘ಸಚೇತ್’ ವ್ಯವಸ್ಥೆಯ ಮೂಲಕ ಮೊಬೈಲ್‌ಗೆ ಬರುವ ಸಂದೇಶಗಳನ್ನು ಓದಿ.
* ಜೀವರಕ್ಷಕ ಜಾಕೆಟ್ಟನ್ನು ದಡದಲ್ಲಿಯೇ ಧರಿಸಿ, ಪಟ್ಟಿಗಳನ್ನು ಬಿಗಿಯಿರಿ.
* ಹೋಗುವ ದಾರಿಯನ್ನೂ ಮರಳುವ ವೇಳೆಯನ್ನೂ ದಡದಲ್ಲಿರುವ ಒಬ್ಬರಿಗೆ ತಿಳಿಸಿ.
* ನೀರು ಒಮ್ಮೆಲೇ ಕೆಂಪಾದರೆ, ಕಸಕಡ್ಡಿ, ಮರದ ಕೊಂಬೆಗಳು ತೇಲಿಬಂದರೆ, ತಕ್ಷಣ ಸಮೀಪದ ದಡವನ್ನು ಸೇರಿ.
* ದೋಣಿ ಮಗುಚಿದರೆ ಅದನ್ನು ಬಿಡದೆ ಹಿಡಿದುಕೊಳ್ಳಿ. ತುರ್ತು ಸಹಾಯಕ್ಕೆ 112, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077.

ಮುನ್ನೆಚ್ಚರಿಕೆಯು ಪ್ರವಾಹವನ್ನು ತಡೆಯಲಾರದು. ಅದು ನಮಗೆ ಕೊಡುವುದು ಸ್ವಲ್ಪ ಸಮಯವನ್ನು ಮಾತ್ರ. ಆ ಸಮಯದಲ್ಲಿ ದಡ ಸೇರುವುದು ದೋಣಿಯಲ್ಲಿರುವವರ ಹೊಣೆ.