ಸ್ಪರ್ಧೆಯ ಮೂಲಕ ಸಾಗರ ವಿಜ್ಞಾನ

ಪ್ರೌಢಶಾಲೆಯ ಪಠ್ಯಪುಸ್ತಕಗಳಲ್ಲಿ ಕಡಲು ಹಂಚಿಹೋಗಿರುತ್ತದೆ. ಅಲೆ ಭೌತಶಾಸ್ತ್ರಕ್ಕೆ, ಉಪ್ಪು ರಸಾಯನಶಾಸ್ತ್ರಕ್ಕೆ, ಮೀನು ಜೀವಶಾಸ್ತ್ರಕ್ಕೆ, ಪ್ರವಾಹಗಳು ಭೂಗೋಳಕ್ಕೆ. ಭೂಮಿಯ ಮೇಲ್ಮೈಯ ಶೇಕಡಾ 71 ಭಾಗವನ್ನು ಆವರಿಸಿರುವ ಸಾಗರವನ್ನು ಒಂದಾಗಿ ನೋಡುವ ಅವಕಾಶ ವಿದ್ಯಾರ್ಥಿಗಳಿಗೆ ಸಿಗುವುದು ಅಪರೂಪ.

ಅಮೆರಿಕದ ಶಾಲೆಗಳಲ್ಲೂ ಇದೇ ಕೊರತೆ ಇತ್ತು. ವಿಶ್ವಸಂಸ್ಥೆಯು ಅಂತಾರಾಷ್ಟ್ರೀಯ ಸಾಗರ ವರ್ಷವೆಂದು ಘೋಷಿಸಿದ್ದ 1998ರಲ್ಲಿ ಅಲ್ಲಿ 'ನ್ಯಾಷನಲ್ ಓಷನ್ ಸೈನ್ಸಸ್ ಬೌಲ್' ಎಂಬ ಸ್ಪರ್ಧೆ ಆರಂಭವಾಯಿತು. ಎರಡು ದಶಕಗಳಿಗೂ ಹೆಚ್ಚು ಕಾಲ ನಡೆದ ಈ ಸ್ಪರ್ಧೆ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಮೀಸಲು. ನಾಲ್ವರ ತಂಡ, ಎದುರಿಗೆ ಇನ್ನೊಂದು ತಂಡ, ನಡುವೆ ಗುಂಡಿ ಒತ್ತುವ ಯಂತ್ರ. ಪ್ರಾದೇಶಿಕ ಸುತ್ತುಗಳಿಗೆ ಆಯಾ ತೀರಕ್ಕೊಪ್ಪುವ ಹೆಸರುಗಳಿದ್ದವು: ವರ್ಜೀನಿಯಾದಲ್ಲಿ ನೀಲಿ ಏಡಿ, ಅಲಾಸ್ಕಾದಲ್ಲಿ ಸುನಾಮಿ! ಅಲಾಸ್ಕಾದ ತಂಡಗಳು ಸಂಶೋಧನಾ ಪ್ರಬಂಧವನ್ನೂ ಬರೆದು ಮಂಡಿಸಬೇಕಿತ್ತು.

ಗುಂಡಿ ಒತ್ತುವ ಸುತ್ತು ಬಾಯಿಪಾಠಕ್ಕೂ ಒಲಿಯುತ್ತದೆ. ಅತ್ಯಂತ ಆಳವಾದ ಜಾಗ ಯಾವುದೆಂದರೆ ಮರಿಯಾನಾ ಕಂದಕ ಎನ್ನಲು ಕಡಲನ್ನು ಅರಿತಿರಬೇಕಿಲ್ಲ. ಈ ಸ್ಪರ್ಧೆಯ ನಿಜವಾದ ಸತ್ವವಿದ್ದುದು ಇಡೀ ತಂಡ ಕೂತು, ಚರ್ಚಿಸಿ, ಲಿಖಿತ ಉತ್ತರ ಕೊಡಬೇಕಾದ ಪ್ರಶ್ನೆಗಳಲ್ಲಿ.

ಅಂಥ ಪ್ರಶ್ನೆ ಹೇಗಿರಬಹುದು? ದಕ್ಷಿಣ ಅಮೆರಿಕದ ಪೆರು ದೇಶವನ್ನು ತೆಗೆದುಕೊಳ್ಳಿ. ಅಲ್ಲಿ 1970ರಲ್ಲಿ ಸುಮಾರು 1 ಕೋಟಿ 20 ಲಕ್ಷ ಟನ್ ಆಂಚೊವಿ ಮೀನು ಸಿಕ್ಕಿತ್ತು. 1973ರಲ್ಲಿ ಸಿಕ್ಕಿದ್ದು ಸುಮಾರು 20 ಲಕ್ಷ ಟನ್ ಮಾತ್ರ. ಕಾರಣವೇನು?

ಒಬ್ಬ ವಿದ್ಯಾರ್ಥಿ ಗಾಳಿಯಿಂದ ಆರಂಭಿಸಬೇಕಾಗುತ್ತದೆ. ತೀರದುದ್ದಕ್ಕೂ ದಕ್ಷಿಣದಿಂದ ಉತ್ತರಕ್ಕೆ ಬೀಸುವ ಗಾಳಿ ಮೇಲ್ಪದರದ ನೀರನ್ನು ತಳ್ಳುತ್ತದೆ. ಭೂಮಿ ತಿರುಗುತ್ತಿರುವುದರಿಂದ ದಕ್ಷಿಣ ಗೋಳಾರ್ಧದಲ್ಲಿ ಆ ನೀರು ಗಾಳಿಯ ದಿಕ್ಕಿನ ಎಡಕ್ಕೆ, ಅಂದರೆ ದಡದಿಂದ ದೂರಕ್ಕೆ ಸರಿಯುತ್ತದೆ. ತೆರವಾದ ಜಾಗಕ್ಕೆ ಆಳದ ತಣ್ಣೀರು ಮೇಲೇರುತ್ತದೆ. ಅದರಲ್ಲಿ ನೈಟ್ರೇಟ್, ಫಾಸ್ಫೇಟ್‌ಗಳಿರುತ್ತವೆ ಎಂದು ರಸಾಯನಶಾಸ್ತ್ರ ಬಲ್ಲವಳು ಹೇಳಬೇಕು. ಅವುಗಳಿಂದ ಸೂಕ್ಷ್ಮ ಸಸ್ಯಪ್ಲವಕ ಹುಲುಸಾಗಿ ಬೆಳೆಯುತ್ತದೆ, ಅದನ್ನು ಆಧರಿಸಿ ಮೀನು ಬೆಳೆಯುತ್ತದೆ ಎನ್ನುವುದು ಮತ್ತೊಬ್ಬರ ಪಾಲು. 1972-73ರಲ್ಲಿ ಎಲ್ ನಿನೋ ಬಂದು ತೀರದ ನೀರು ಬೆಚ್ಚಗಾಯಿತು, ಪೋಷಕಾಂಶಗಳು ಮೇಲೆ ಬರುವುದು ತಗ್ಗಿತು. ಇಷ್ಟಕ್ಕೇ ನಿಲ್ಲಿಸಿದರೆ ಉತ್ತರ ಅರ್ಧ! ಅದಕ್ಕೂ ಮೊದಲೇ ಮಿತಿಮೀರಿ ಮೀನು ಹಿಡಿಯಲಾಗಿತ್ತು ಎಂಬುದನ್ನು ನಾಲ್ಕನೆಯವರು ಸೇರಿಸಬೇಕು. ಒಬ್ಬರೇ ಇಷ್ಟನ್ನೂ ಹೇಳುವುದು ಕಷ್ಟ.

ನಮ್ಮ ತೀರಕ್ಕೂ ಇಂಥದೇ ಪ್ರಶ್ನೆಯೊಂದಿದೆ. ನಾಲ್ವರು ಗೆಳೆಯರು ಭೂಪಟ ಹರಡಿಕೊಂಡು ಕೂತು ನೋಡಿ. ಮುಂಗಾರಿನಲ್ಲಿ ಕರಾವಳಿಯುದ್ದಕ್ಕೂ ಗಾಳಿ ಉತ್ತರದ ಕಡೆಯಿಂದ ದಕ್ಷಿಣಕ್ಕೂ ಬೀಸುತ್ತದೆ. ನಾವಿರುವುದು ಉತ್ತರ ಗೋಳಾರ್ಧದಲ್ಲಿ. ಹಾಗಾದರೆ ಮೇಲ್ಪದರದ ನೀರು ಯಾವ ಕಡೆಗೆ ಸರಿಯಬೇಕು? ಮಳೆಗಾಲ ಕಳೆದ ಮೇಲೆ ಬಲೆಗೆ ಬೀಳುವ ಬೂತಾಯಿ, ಬಂಗುಡೆಗಳಿಗೂ ಅದಕ್ಕೂ ಏನು ಸಂಬಂಧ?